ಸತೀಹಿತೈಷಿಣಿಯ ಒಡತಿ ನಂಜನಗೂಡು ತಿರುಮಲಾಂಬ

ಹೆಣ್ಣುಮಕ್ಕಳು ಕಾದಂಬರಿ ಬರೆಯುವುದು ಇಂದು ಯಾರಿಗೂ ಸೋಜಿಗವಲ್ಲ. ಆದರೆ ಬರೆದುದನ್ನು ತಾನೇ ಅಚ್ಚುಹಾಕಿಸಿ, ಮಾರಾಟದ ಹೊಣೆಯನ್ನೂ ತಾನೇ ಹೊತ್ತ ಕನ್ನಡತಿಯೊಬ್ಬರು ನೂರು ವರ್ಷಗಳಿಗೂ ಹಿಂದೆಯೇ ಇದ್ದರೆಂಬುದು ನಮ್ಮ ಅನೇಕ ಮನೆಗಳಿಗೆ ತಿಳಿಯದು.

ತಿರುಮಲಾಂಬನವರು 1887ರಲ್ಲಿ ನಂಜನಗೂಡಿನಲ್ಲಿ ಜನಿಸಿದರು. ನಮ್ಮ ಹರಿಪುರಕ್ಕೆ ಕೃಷ್ಣಾ-ವಾರಣಾ ಸಂಗಮವೂ ಸಂಗಮೇಶ್ವರನೂ ಇರುವಂತೆ ಆ ಊರಿಗೆ ಕಪಿಲೆಯೂ ನಂಜುಂಡೇಶ್ವರನೂ ಇದ್ದಾರೆ. ತಂದೆ ವೆಂಕಟಕೃಷ್ಣ ಅಯ್ಯಂಗಾರ್ಯರು ವಕೀಲರು. ಅಂದಿನ ರೂಢಿಯಂತೆ ಎಳವೆಯಲ್ಲೇ ಮದುವೆಯಾಯಿತು. 14ನೆಯ ವಯಸ್ಸಿನಲ್ಲಿ ವೈಧವ್ಯ ಬಂದೊದಗಿತು. ಅಂಥ ಬಾಲೆಗೆ ಆ ಕಾಲದ ಸಮಾಜ ಉಳಿಸಿದ್ದುದು ಅಡುಗೆಮನೆಯ ಮೂಲೆಯೊಂದನ್ನೇ. ತಂದೆ ಮಾತ್ರ ಮಗಳ ಕೈಗೆ ಪುಸ್ತಕವನ್ನಿತ್ತರು. ಕನ್ನಡದೊಡನೆ ತೆಲುಗು, ತಮಿಳುಗಳನ್ನೂ ಕಲಿತ ಆಕೆ ನೆರೆಹೊರೆಯ ಹೆಂಗಸರನ್ನು ಮನೆಯಲ್ಲಿ ಕೂಡಿಸಿ ಅಕ್ಷರ ಕಲಿಸಿದರು.

1913ರಲ್ಲಿ ಅವರು ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿದರು. ಅದರ ಮೊದಲ ಪುಸ್ತಕ ಅವರದೇ ಕಾದಂಬರಿ ‘ಸುಶೀಲೆ’. ಅದು ಮರುಮುದ್ರಣಗಳನ್ನೂ ಕಂಡಿತು. ‘ನಭಾ’, ‘ವಿದ್ಯುಲ್ಲತಾ’, ‘ಮಾತೃನಂದಿನಿ’ ಮುಂತಾದ ಕೃತಿಗಳು ಅದರ ಹಿಂದೆ ಬಂದವು. ಸಾಹಿತ್ಯಚರಿತ್ರೆಕಾರರು ಈ ಕಾದಂಬರಿಗಳ ಗುಣದೋಷಗಳನ್ನು ತೂಗಿದ್ದಾರೆ. ಅವುಗಳ ಹಿಂದಿನ ಲೆಕ್ಕದ ವಹಿಯನ್ನು ನೆನೆದವರು ವಿರಳ. ಪ್ರಕಾಶಕನಾದವನು ಮೊದಲ ಪ್ರತಿ ಮಾರಾಟವಾಗುವ ಮುನ್ನವೇ ಕಾಗದಕ್ಕೂ ಅಚ್ಚಿಗೂ ಹಣ ತೆರಬೇಕು. ಮಾರಿದ ಹಣವಾದರೋ ತಿಂಗಳುಗಟ್ಟಲೆ ತಡೆದು, ಬಿಡಿಬಿಡಿಯಾಗಿ ಬರುವುದು. ಮೈಸೂರು ಸಂಸ್ಥಾನದಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಬಂದುದು 1933ರಲ್ಲಿ. ಅದಕ್ಕೂ 20 ವರ್ಷ ಮೊದಲೇ ಒಬ್ಬ ವಿಧವೆ ಇಂಥ ವ್ಯವಹಾರಕ್ಕೆ ಕೈಹಾಕಿದ್ದುದು ಸಾಮಾನ್ಯ ಧೈರ್ಯವಲ್ಲ. ತವರಿನ ಆಸರೆ ಇಲ್ಲದಿದ್ದರೆ ಇದು ಸಾಧ್ಯವಾಗುತ್ತಿತ್ತೇ? ಆಗುತ್ತಿರಲಿಲ್ಲವೆಂದೇ ನನ್ನ ಎಣಿಕೆ. ಹೆಣ್ಣಿನ ಉದ್ಯಮಕ್ಕೆ ಮೊದಲು ಬೇಕಾದುದು ಮನೆಯವರ ನಂಬಿಕೆ. ಬಂಡವಾಳದ ಮಾತು ಆಮೇಲಿನದು.

ಮುಂದಿನ ಮೂರು-ನಾಲ್ಕು ವರ್ಷಗಳಲ್ಲೇ ಅವರು ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿ, ಇತರ ಹೆಣ್ಣುಮಕ್ಕಳ ಬರೆಹಕ್ಕೂ ಅದರಲ್ಲಿ ಎಡೆಯಿತ್ತರು. ಪತ್ರಿಕೆಯ ವ್ಯಾಪಾರ ಪುಸ್ತಕದ ವ್ಯಾಪಾರಕ್ಕಿಂತ ಕಠಿನವಾದುದು. ಹರಿಪುರದ ವ್ಯಾಪಾರಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2005ರ ಮಹಾಪೂರದಲ್ಲಿ ಬಹಳಷ್ಟು ಹಾಳಾದ ನಮ್ಮ ನೆಲದಡಿಯ ಪೇವುಗಳು ಅರಿಸಿನವನ್ನು ವರ್ಷಗಟ್ಟಲೆ ಕಾಪಾಡಿ, ಒಳ್ಳೆಯ ಬೆಲೆ ಬರುವ ತನಕ ಕಾದಿರಿಸುತ್ತಿದ್ದವು. ಪುಸ್ತಕವೂ ಹಾಗೆಯೇ ಕೊಳ್ಳುವವನಿಗಾಗಿ ಕಪಾಟಿನಲ್ಲಿ ಕಾದೀತು. ಮಾಸಪತ್ರಿಕೆ ಕಾಯಲಾರದು, ಈ ತಿಂಗಳ ಸಂಚಿಕೆಯನ್ನು ಬರುವ ತಿಂಗಳು ಕೊಳ್ಳುವವರಾರು? ‘ಕರ್ನಾಟಕ ನಂದಿನಿ’ ಕೆಲವು ವರ್ಷ ನಡೆದು ನಿಂತಿತು. ಆಕೆ ಅಷ್ಟಕ್ಕೇ ಕೈಚೆಲ್ಲದೆ ‘ಸನ್ಮಾರ್ಗದರ್ಶಿ’ ಎಂಬ ಮತ್ತೊಂದು ಪತ್ರಿಕೆಯನ್ನೂ ನಡೆಸಿ ನೋಡಿದರು.

ಮುಂದೆ ಅವರು ಲೇಖನಿಯನ್ನು ಕೆಳಗಿಟ್ಟು, ದಶಕಗಳ ಕಾಲ ಕನ್ನಡನಾಡಿನ ಕಣ್ಣಿಗೆ ಮರೆಯಾಗಿ ಬಾಳಿದರು. 1982ರಲ್ಲಿ, 95ರ ವಯಸ್ಸಿನಲ್ಲಿ, ತೀರಿಕೊಂಡರು. ಬೆಂಗಳೂರಿನ ‘ಶಾಶ್ವತಿ’ ಸಂಸ್ಥೆ ಲೇಖಕಿಯರಿಗಾಗಿ ಅವರ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ಸ್ಥಾಪಿಸಿತು.