ಹಕ್ಕಿಗಳ ಲೆಕ್ಕ ಬರೆದಿಟ್ಟ ಡಾ. ಸಲೀಂ ಅಲಿ

ನಿಮ್ಮಲ್ಲಿ ಹಲವರು ಶಾಲಾ ಪ್ರವಾಸದ ನೆಪದಲ್ಲಿ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿಗೆ ಹೋಗಿರಬಹುದು. ದೋಣಿಯಲ್ಲಿ ಕುಳಿತು, ಕಾವೇರಿಯ ನಡುಗಡ್ಡೆಗಳ ಮರಗಳಲ್ಲಿ ಗೂಡು ಕಟ್ಟಿದ ಕೊಕ್ಕರೆಗಳನ್ನೂ ಬಂಡೆಯ ಮೇಲೆ ಬಾಯಿ ತೆರೆದು ಬಿದ್ದುಕೊಂಡಿರುವ ಮೊಸಳೆಗಳನ್ನೂ ನೋಡಿರಬಹುದು. ಹದಿನೇಳನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ನದಿಗೆ ಒಡ್ಡು ಕಟ್ಟಿದಾಗ ಉಂಟಾದ ತಿಟ್ಟುಗಳಿವು. ಅಲ್ಲಿ ಹಕ್ಕಿಗಳಿವೆ ಎಂಬುದು ಸುತ್ತಮುತ್ತಲಿನ ಹಳ್ಳಿಗರಿಗೆಲ್ಲ ಗೊತ್ತಿತ್ತು. ಆದರೆ ಅದು ಕಾಪಾಡಲೇಬೇಕಾದ ಜಾಗ ಎಂದು 1940ರಲ್ಲಿ ಮೈಸೂರು ಅರಮನೆಗೆ ಮನವರಿಕೆ ಮಾಡಿಕೊಟ್ಟವರು ಮುಂಬಯಿಯಿಂದ ಬಂದಿದ್ದ ಒಬ್ಬ ಸಣಕಲು ದೇಹದ ವ್ಯಕ್ತಿ. ಅವರ ಕೈಯಲ್ಲಿದ್ದದ್ದು ಒಂದು ದುರ್ಬೀನು ಮತ್ತು ಒಂದು ಟಿಪ್ಪಣಿ ಪುಸ್ತಕ. ಹೆಸರು ಸಲೀಂ ಮೊಯಿಜುದ್ದೀನ್ ಅಬ್ದುಲ್ ಅಲಿ. ದೇಶ ಅವರನ್ನು ಸಲೀಂ ಅಲಿ ಎಂದೇ ಬಲ್ಲದು.

1896ರ ನವೆಂಬರ್ 12ರಂದು ಮುಂಬಯಿಯ ಸುಲೈಮಾನಿ ಬೋಹ್ರಾ ಕುಟುಂಬವೊಂದರಲ್ಲಿ ಅವರು ಹುಟ್ಟಿದರು. ಮನೆಯಲ್ಲಿ ಎಲ್ಲರಿಗಿಂತ ಕಿರಿಯ ಮಗು. ಒಂದು ವರ್ಷ ತುಂಬುವಷ್ಟರಲ್ಲಿ ತಂದೆ ತೀರಿಕೊಂಡರು. ಮೂರನೇ ವರ್ಷಕ್ಕೆ ತಾಯಿಯೂ ಇಲ್ಲವಾದರು. ಮಕ್ಕಳಿಲ್ಲದ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ ಈ ಯತೀಮ ಮಕ್ಕಳನ್ನು ಖೇತವಾಡಿಯ ತಮ್ಮ ಮನೆಯಲ್ಲಿಟ್ಟುಕೊಂಡು ಸಾಕಿದರು.

ಮಾವನಿಗೆ ಬೇಟೆಯ ಹವ್ಯಾಸ. ಹುಡುಗನಿಗೂ ಒಂದು ಏರ್‌ಗನ್ ಸಿಕ್ಕಿತ್ತು. ಸುಮಾರು ಹತ್ತು ವರ್ಷದವನಿದ್ದಾಗ ಅವನು ಹೊಡೆದ ಒಂದು ಗುಬ್ಬಿಯ ಕೊರಳಲ್ಲಿ ಹಳದಿ ಮಚ್ಚೆ ಕಂಡಿತು. ದಿನಾ ಕಾಣುವ ಗುಬ್ಬಿ ಇದಲ್ಲ. ಇದು ತಿನ್ನಲು ಹಲಾಲೋ ಅಲ್ಲವೋ ಎಂಬ ಸಂಶಯದಿಂದ ಅವನು ಅದನ್ನು ಮಾವನ ಬಳಿಗೆ ಒಯ್ದ. ಯಾವ ಹಕ್ಕಿಯೆಂದು ಮಾವನಿಗೂ ಗೊತ್ತಾಗಲಿಲ್ಲ. ಏನೋ ಒಂದು ಹಕ್ಕಿ, ಬಿಸಾಡು ಎಂದು ಅವರು ಹೇಳಿಬಿಡಬಹುದಿತ್ತು. ಹಾಗೆ ಮಾಡದೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲಾರ್ಡ್ ಅವರ ಪರಿಚಯ ಮಾಡಿಸಿ, ಹಕ್ಕಿಯೊಂದಿಗೆ ಹುಡುಗನನ್ನು ಅಲ್ಲಿಗೆ ಕಳುಹಿಸಿದರು. ಆ ಇಂಗ್ಲಿಷ್ ಅಧಿಕಾರಿ ಹಕ್ಕಿಯನ್ನು ಗುರುತಿಸಿದ್ದಲ್ಲದೆ, ಒಣಗಿಸಿ ಜೋಡಿಸಿಟ್ಟಿದ್ದ ನೂರಾರು ಹಕ್ಕಿಗಳ ಪೆಟ್ಟಿಗೆಗಳನ್ನು ಒಂದೊಂದಾಗಿ ತೆರೆದು ತೋರಿಸಿದರು. ಓದಲು ಪುಸ್ತಕ ಕೊಟ್ಟರು. ಮಕ್ಕಳ ಪ್ರಶ್ನೆಗೆ ತಮ್ಮಲ್ಲಿ ಉತ್ತರವಿಲ್ಲದಾಗ, ಉತ್ತರ ಬಲ್ಲವರ ಮನೆಯ ದಾರಿ ತೋರಿಸುವ ಹಿರಿಯರು ಇಂದಿಗೂ ಅಪರೂಪವೇ.

ಶಾಲೆಯಲ್ಲಿ ಸಲೀಂ ಅಲಿ ಜಾಣ ವಿದ್ಯಾರ್ಥಿಯೇನಲ್ಲ. ವಿಪರೀತ ತಲೆನೋವಿನಿಂದ ಓದು ಆಗಾಗ ನಿಲ್ಲುತ್ತಿತ್ತು. 1913ರಲ್ಲಿ ಹೇಗೋ ಮೆಟ್ರಿಕ್ ದಾಟಿದರು. ಕಾಲೇಜು ಅರ್ಧಕ್ಕೇ ಬಿಟ್ಟು, ಕುಟುಂಬದ ಗಣಿ ಮತ್ತು ಮರದ ವ್ಯವಹಾರ ನೋಡಿಕೊಳ್ಳಲು ಬರ್ಮಾದ ತವಾಯ್‌ಗೆ ಹೋದರು. ಅಲ್ಲಿನ ಕಾಡು ಅವರನ್ನು ಸೆಳೆದಷ್ಟು ವ್ಯವಹಾರ ಸೆಳೆಯಲಿಲ್ಲ. 1917ರಲ್ಲಿ ಮರಳಿ ಬಂದು ಬೆಳಿಗ್ಗೆ ಒಂದು ಕಾಲೇಜಿನಲ್ಲಿ ವಾಣಿಜ್ಯ ಕಾನೂನು ಮತ್ತು ಲೆಕ್ಕಪತ್ರ, ಆಮೇಲೆ ಸೇಂಟ್ ಝೇವಿಯರ್ಸ್‌ನಲ್ಲಿ ಪ್ರಾಣಿಶಾಸ್ತ್ರ ಕಲಿತರು. 1918ರಲ್ಲಿ ತಹ್ಮೀನಾ ಅವರೊಂದಿಗೆ ವಿವಾಹವಾಯಿತು.

ಪದವಿ ಇಲ್ಲದ್ದಕ್ಕೆ ಅವರು ಬೆಲೆ ತೆರಬೇಕಾಯಿತು. ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣಾ ಇಲಾಖೆಯಲ್ಲಿ ಪಕ್ಷಿತಜ್ಞರ ಹುದ್ದೆ ಖಾಲಿಯಾದಾಗ ಅದು ಅವರಿಗೆ ದಕ್ಕಲಿಲ್ಲ. 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ ತಿಂಗಳಿಗೆ 350 ರೂಪಾಯಿ ಸಂಬಳದ ಕೆಲಸ ಸಿಕ್ಕಿತು. ಬಂದವರಿಗೆ ಪ್ರಾಣಿಪಕ್ಷಿಗಳ ಬಗ್ಗೆ ವಿವರಿಸುವುದು ಅವರ ಕೆಲಸ. ಎರಡು ವರ್ಷದಲ್ಲಿ ಅದು ಸಾಕೆನಿಸಿತು. ರಜೆ ಪಡೆದು ಬರ್ಲಿನ್‌ಗೆ ಹೋಗಿ, ಆ ಕಾಲದ ಮಹಾ ಪಕ್ಷಿವಿಜ್ಞಾನಿ ಎರ್ವಿನ್ ಸ್ಟ್ರೆಸೆಮಾನ್ ಅವರ ಬಳಿ ಕ್ರಮಬದ್ಧವಾಗಿ ಕಲಿತರು. ಹೆಲಿಗೋಲ್ಯಾಂಡ್ ದ್ವೀಪದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ವಿದ್ಯೆಯನ್ನೂ ಕಂಡುಕೊಂಡರು. ಸಲೀಂ ಅಲಿ ಓದದೆಯೇ ದೊಡ್ಡವರಾದರು ಎಂದು ಕೆಲವರು ಭಾಷಣದಲ್ಲಿ ಹೇಳುವುದುಂಟು. ಅದನ್ನು ನಂಬಬೇಡಿ. ಅವರಿಗಿಲ್ಲದ್ದು ಪದವಿ ಪತ್ರವೇ ಹೊರತು ಓದಲ್ಲ.

1930ರಲ್ಲಿ ಊರಿಗೆ ಮರಳಿದಾಗ, ಹಣವಿಲ್ಲವೆಂದು ಮ್ಯೂಸಿಯಂ ಆ ಹುದ್ದೆಯನ್ನೇ ತೆಗೆದುಹಾಕಿತ್ತು. ಮೂವತ್ತಮೂರರ ಪ್ರಾಯ, ಕೈಯಲ್ಲಿ ಕೆಲಸವಿಲ್ಲ. ದಂಪತಿ ಮುಂಬಯಿಯ ಆಚೆ ಕಡಲತೀರದ ಕಿಹೀಂ ಎಂಬ ಹಳ್ಳಿಗೆ ಹೋಗಿ ನೆಲೆಸಿದರು. ಅಲ್ಲಿ ಮನೆಯ ಹತ್ತಿರದ ಮರದಲ್ಲಿ ಗೀಜಗಗಳು ಗೂಡು ನೇಯುತ್ತಿದ್ದವು. ಮಾಡಲು ಬೇರೆ ಕೆಲಸವಿಲ್ಲದ ಆ ಮಳೆಗಾಲದಲ್ಲಿ ಸಲೀಂ ಅಲಿ ಮರೆಯಲ್ಲಿ ಕುಳಿತು ದಿನದಿನವೂ ಅವುಗಳನ್ನು ನೋಡಿದರು. ಯಾವ ಗಂಡು ಯಾವ ಗೂಡಿನದು, ಎಷ್ಟು ನೇಯ್ದಿದೆ, ಹೆಣ್ಣು ಯಾವಾಗ ಬಂತು ಎಂದು ಬರೆದಿಟ್ಟರು.

ಗೀಜಗನ ಗೂಡನ್ನು ನೀವೂ ನೋಡಿದ್ದೀರಿ. ಅದರ ಒಳಗುಟ್ಟು ಹೀಗಿದೆ. ಗಂಡು ಹಕ್ಕಿ ಗೂಡನ್ನು ಅರ್ಧ ಮಾತ್ರ ನೇಯ್ದು ನಿಲ್ಲಿಸುತ್ತದೆ. ಹೆಣ್ಣುಗಳು ಗುಂಪಾಗಿ ಬಂದು, ಮನೆ ಬಾಡಿಗೆಗೆ ನೋಡುವವರಂತೆ ಪ್ರತಿಯೊಂದನ್ನೂ ಪರೀಕ್ಷಿಸುತ್ತವೆ. ಒಂದಕ್ಕೆ ಒಪ್ಪಿಗೆಯಾದರೆ ಮಾತ್ರ ಗಂಡು ಉಳಿದ ಭಾಗವನ್ನೂ ಕೆಳಗೆ ಇಳಿಬಿದ್ದ ಕೊಳವೆಯನ್ನೂ ಮುಗಿಸುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಕಾವಿಗೆ ಕುಳಿತ ಮೇಲೆ ಗಂಡು ಪಕ್ಕದಲ್ಲೇ ಇನ್ನೊಂದು ಗೂಡು ಆರಂಭಿಸಿ ಮತ್ತೊಂದು ಹೆಣ್ಣನ್ನು ಕರೆಯುತ್ತದೆ. ಶತಮಾನಗಳಿಂದ ಎಲ್ಲರ ಕಣ್ಣೆದುರೇ ನಡೆಯುತ್ತಿದ್ದ ಈ ಸಂಸಾರವನ್ನು ಇಷ್ಟು ಸ್ಪಷ್ಟವಾಗಿ ಮೊದಲು ದಾಖಲಿಸಿದ್ದು ಈ ನಿರುದ್ಯೋಗಿ. ಅವರ ಹೆಸರು ವಿಜ್ಞಾನಿಗಳ ನಡುವೆ ಓಡಾಡತೊಡಗಿತು.

ಆಮೇಲೆ ಅವರು ದೇಶೀಯ ಸಂಸ್ಥಾನಗಳ ಮುಂದೆ ಒಂದು ಪ್ರಸ್ತಾಪವಿಟ್ಟರು. ಸಂಬಳ ಬೇಡ, ಓಡಾಟ ಮತ್ತು ಬಿಡಾರದ ಖರ್ಚು ಕೊಡಿ ಸಾಕು, ನಿಮ್ಮ ರಾಜ್ಯದ ಹಕ್ಕಿಗಳನ್ನೆಲ್ಲ ಸಮೀಕ್ಷೆ ಮಾಡಿಕೊಡುತ್ತೇನೆ ಎಂದು. ಹೈದರಾಬಾದ್, ತಿರುವಾಂಕೂರು, ಕೊಚ್ಚಿ, ಗ್ವಾಲಿಯರ್, ಇಂದೋರ್, ಭೋಪಾಲ್ ಹೀಗೆ ವರ್ಷಗಟ್ಟಲೆ ಅಲೆದಾಟ. ಎತ್ತಿನ ಗಾಡಿ, ಡೇರೆ, ಕಾಡಿನ ಜ್ವರ. ಬಿಡಾರದ ವ್ಯವಸ್ಥೆಯೆಲ್ಲ ತಹ್ಮೀನಾ ಅವರದು. ಗಂಡನ ಬರವಣಿಗೆಯನ್ನು ತಿದ್ದಿ ಹಸನು ಮಾಡಿದವರೂ ಅವರೇ. ಶ್ರೀಮಂತ ಮನೆತನದಲ್ಲಿ ಬೆಳೆದ ಆ ಹೆಣ್ಣುಮಗಳು ಡೇರೆಯ ಬಾಳನ್ನು ಇಷ್ಟಪಟ್ಟು ಬಾಳಿದರು. ಸಲೀಂ ಅಲಿ ಬಗ್ಗೆ ಬರೆಯುವವರು ಆಕೆಗೆ ಒಂದೇ ಸಾಲು ಕೊಟ್ಟು ಮುಂದೆ ಹೋಗುವುದು ನ್ಯಾಯವಲ್ಲ. 1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ರಕ್ತಕ್ಕೆ ನಂಜೇರಿ ಅವರು ತೀರಿಕೊಂಡರು. ಸಲೀಂ ಅಲಿ ಮತ್ತೆ ಮದುವೆಯಾಗಲಿಲ್ಲ. ಸೋದರಿ ಕಮ್ಮೂ ಅವರ ಮನೆಯಲ್ಲಿ ಉಳಿದುಕೊಂಡರು.

ಮೈಸೂರು ಸಂಸ್ಥಾನದ ಸಮೀಕ್ಷೆ ನಡೆದದ್ದು ಇದರ ಬೆನ್ನಿಗೇ, 1939-40ರಲ್ಲಿ. ರಂಗನತಿಟ್ಟಿಗೆ ರಕ್ಷಣೆ ಸಿಕ್ಕಿದ್ದು ಈ ತಿರುಗಾಟದ ಫಲ. ಮುಂದೆ 2022ರಲ್ಲಿ ಆ ಜಾಗ ರಾಮ್ಸಾರ್ ಪಟ್ಟಿಯನ್ನೂ ಸೇರಿತು. ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಹೆಸರಿಡುವುದೇ ಪಕ್ಷಿಶಾಸ್ತ್ರವೆಂದು ಹಲವರು ತಿಳಿದಿದ್ದ ಕಾಲವದು. ಮಾದರಿಗಳನ್ನು ಅವರೂ ಸಂಗ್ರಹಿಸಿದರು. ಆದರೆ ಅವರ ಆಸಕ್ತಿ ಬದುಕಿರುವ ಹಕ್ಕಿಯಲ್ಲಿ. ಅದು ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಯಾವ ತಿಂಗಳಲ್ಲಿ ಮರಿ ಮಾಡುತ್ತದೆ ಎಂಬುದನ್ನು ಅವರು ಅದೇ ದಿನ, ಅದೇ ಜಾಗದಲ್ಲಿ ಬರೆದಿಡುತ್ತಿದ್ದರು. 1941ರಲ್ಲಿ ಬಂದ ಅವರ ಭಾರತೀಯ ಹಕ್ಕಿಗಳ ಪುಸ್ತಕ ಸಾಮಾನ್ಯ ಓದುಗನ ಕೈಗೂ ಈ ವಿದ್ಯೆಯನ್ನು ತಲುಪಿಸಿತು. ಅಮೆರಿಕದ ಡಿಲ್ಲನ್ ರಿಪ್ಲಿ ಅವರ ಜೊತೆ ಬರೆದ ಹತ್ತು ಸಂಪುಟಗಳ ಕೈಪಿಡಿ 1968ರಿಂದ 1974ರವರೆಗೆ ಹೊರಬಂತು. ಇವರನ್ನು ಬರೀ ಪುಸ್ತಕದ ಮನುಷ್ಯ ಎಂದುಕೊಳ್ಳಬೇಡಿ. ಮೋಟಾರ್ ಸೈಕಲ್ ಎಂದರೆ ಅವರಿಗೆ ಪ್ರಾಣ. 1950ರಲ್ಲಿ ಸ್ವೀಡನ್‌ನ ಪಕ್ಷಿವಿಜ್ಞಾನ ಸಮ್ಮೇಳನಕ್ಕೆ ಹೋಗುವಾಗ ತಮ್ಮ ಸನ್‌ಬೀಮ್ ಬೈಕನ್ನು ಹಡಗಿನಲ್ಲಿ ಯುರೋಪಿಗೆ ಸಾಗಿಸಿ ಅಲ್ಲೆಲ್ಲ ಸುತ್ತಿದರು. ಭಾರತದಿಂದಲೇ ಬೈಕಿನಲ್ಲಿ ಬಂದಿದ್ದಾರೆಂದು ಅಲ್ಲಿದ್ದವರು ಬೆರಗಾದರಂತೆ. ಆಗ ಅವರಿಗೆ 53 ವರ್ಷ.

ಅವರ ಇನ್ನೊಂದು ಕೆಲಸಕ್ಕೆ ಕಾರಣವಾದದ್ದು ನಮ್ಮದೇ ಮಲೆನಾಡು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಜನರಿಗೂ ಜ್ವರ ಹಿಡಿದು ಸಾವುಗಳಾದವು. ಇದನ್ನೇ ನಾವು ಮಂಗನ ಕಾಯಿಲೆ ಎನ್ನುತ್ತೇವೆ. ಇದರ ವೈರಸ್ಸು ರಷ್ಯಾದ ಒಂದು ಮೆದುಳು ಜ್ವರದ ವೈರಸ್ಸನ್ನು ಹೋಲುತ್ತಿತ್ತು. ಹಾಗಾದರೆ ಚಳಿಗಾಲದಲ್ಲಿ ಸೈಬೀರಿಯಾದಿಂದ ಬರುವ ಹಕ್ಕಿಗಳು ಮೈಯಲ್ಲಿ ಉಣುಗು ಹೊತ್ತು ತಂದು ರೋಗ ಹಬ್ಬಿಸಿದವೇ? ಸಂಶಯ ದೊಡ್ಡದು, ಉತ್ತರಿಸಲು ಮಾಹಿತಿ ಸಾಲದು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1959ರಲ್ಲಿ ಸಲೀಂ ಅಲಿ ನೇತೃತ್ವದಲ್ಲಿ ಸೊಸೈಟಿ ವಲಸೆ ಹಕ್ಕಿಗಳ ಅಧ್ಯಯನ ಕೈಗೊಂಡಿತು.

ಕೆಲಸ ಹೇಳಲು ಸುಲಭ. ಕಣ್ಣಿಗೆ ಕಾಣದಷ್ಟು ತೆಳುವಾದ ಬಲೆಯನ್ನು ನಸುಕಿನಲ್ಲೇ ಕಟ್ಟಬೇಕು. ಸಿಕ್ಕ ಹಕ್ಕಿಯನ್ನು ನೋವಾಗದಂತೆ ಬಿಡಿಸಿ, ತೂಗಿ, ರೆಕ್ಕೆ ಅಳೆದು, ಮೈಮೇಲಿನ ಉಣುಗು ಆರಿಸಿಕೊಂಡು, ಸಂಖ್ಯೆ ಮತ್ತು ಸೊಸೈಟಿಯ ವಿಳಾಸವಿರುವ ಹಗುರ ಲೋಹದ ಉಂಗುರವನ್ನು ಕಾಲಿಗೆ ತೊಡಿಸಿ ಹಾರಿಬಿಡಬೇಕು. ಎಲ್ಲೋ ದೂರದಲ್ಲಿ ಯಾರಾದರೂ ಅದನ್ನು ಕಂಡು ತಿಳಿಸಿದರೆ ಹಕ್ಕಿಯ ದಾರಿ ತಿಳಿಯಿತು. ಭರತಪುರದ ಕೆರೆಯಲ್ಲಿ ಬಾತುಗಳನ್ನು ಹಿಡಿಯಲು ಬಿಹಾರದಿಂದ ಮೀರ್‌ಶಿಕಾರ್‌ಗಳನ್ನು ಕರೆಸಿದರು. ತಲೆಮಾರುಗಳಿಂದ ಹಕ್ಕಿ ಹಿಡಿದು ಮಾರಿ ಬದುಕಿದ ಬಡ ಜನ ಅವರು. ಅದೇ ಕೈಚಳಕ ಇಲ್ಲಿ ಹಕ್ಕಿಯನ್ನು ಉಳಿಸುವ ವಿಜ್ಞಾನಕ್ಕೆ ಬಂತು. ಭರತಪುರದಲ್ಲಿ ಉಂಗುರ ತೊಟ್ಟ ಬಾತುಗಳು ಸೋವಿಯತ್ ನಾಡಿನಲ್ಲಿ ಸಿಕ್ಕವು. ಮಂಗನ ಕಾಯಿಲೆ ಮಲೆನಾಡಿನ ಕಾಡಿನ ಉಣುಗಿನಿಂದಲೇ ಹರಡುವುದೆಂಬುದು ಮುಂದೆ ಖಚಿತವಾಯಿತು. ಹೀಗೆ ಹಕ್ಕಿಗಳ ಮೇಲಿನ ಆರೋಪ ನಿಲ್ಲಲಿಲ್ಲ. ಆದರೆ ಅವುಗಳ ಹಾದಿಯ ಮಾಹಿತಿ ನಮಗೆ ದಕ್ಕಿತು.

ಭರತಪುರವೆಂದರೆ ಸಲೀಂ ಅಲಿಯವರಿಗೆ ವಿಶೇಷ ಮಮತೆ. ಅದು ಮೊದಲು ಅರಸರ ಬೇಟೆಯ ತಾಣ. 1938ರಲ್ಲಿ ವೈಸ್‌ರಾಯ್ ಲಿನ್ಲಿತ್ಗೊ ಬಂದಿದ್ದಾಗ ಒಂದೇ ದಿನ 4,273 ಹಕ್ಕಿಗಳನ್ನು ಹೊಡೆದುರುಳಿಸಿದರೆಂದು ಅಲ್ಲಿನ ಕಲ್ಲಿನ ಮೇಲೆ ಕೆತ್ತಲಾಗಿದೆ. ಸ್ವಾತಂತ್ರ್ಯದ ನಂತರ ಆ ಕೆರೆಯ ನೀರನ್ನು ಬೇಸಾಯಕ್ಕೆ ತಿರುಗಿಸುವ ಒತ್ತಾಯವೂ ಇತ್ತು. ಸಲೀಂ ಅಲಿ ಅದನ್ನು ಉಳಿಸಲು ಬಹುಕಾಲ ಹೋರಾಡಿದರು. ಅದು ರಾಷ್ಟ್ರೀಯ ಉದ್ಯಾನವಾಯಿತು. 1985ರಲ್ಲಿ ವಿಶ್ವ ಪರಂಪರೆಯ ತಾಣವೂ ಆಯಿತು.

ಪ್ರಶಸ್ತಿಗಳ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ. ಪದವಿಯಿಲ್ಲದ ಅವರಿಗೆ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ 1958ರಲ್ಲಿ ಗೌರವ ಡಾಕ್ಟರೇಟ್ ನೀಡಿತು. ವನ್ಯಜೀವಿ ಸಂರಕ್ಷಣೆಯ ಪಾಲ್ ಗೆಟ್ಟಿ ಪ್ರಶಸ್ತಿಯ ಹಣವನ್ನು ಸೊಸೈಟಿಯ ಸಂರಕ್ಷಣಾ ನಿಧಿಗೆ ಕೊಟ್ಟರು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 1987ರಲ್ಲಿ, 90ನೇ ವಯಸ್ಸಿನಲ್ಲಿ ಮುಂಬಯಿಯಲ್ಲಿ ನಿಧನರಾದರು. ಕೊಯಮತ್ತೂರಿನಲ್ಲಿ 1990ರಲ್ಲಿ ಸ್ಥಾಪನೆಯಾದ ಪಕ್ಷಿವಿಜ್ಞಾನ ಕೇಂದ್ರಕ್ಕೆ ಅವರ ಹೆಸರಿಟ್ಟಿದ್ದಾರೆ.

ಭರತಪುರದ ಕಥೆ ಇನ್ನೂ ಸ್ವಲ್ಪ ಉಳಿದಿದೆ. ಹೊಗಳಿ ಬರೆಯುವ ಲೇಖನಗಳಲ್ಲಿ ಅದು ಸಿಗುವುದು ಕಡಿಮೆ. ಸುತ್ತಲಿನ ಹಳ್ಳಿಗಳ ಎಮ್ಮೆಗಳು ಆ ಕೆರೆಯಲ್ಲಿ ಮೇಯುತ್ತಿದ್ದವು. ಮೇವಿನಿಂದ ಹಕ್ಕಿಗಳಿಗೆ ಕೇಡು ಎಂಬುದು ಸಲೀಂ ಅಲಿಯವರ ದೃಢ ನಂಬಿಕೆ. 1982ರಲ್ಲಿ ಸರ್ಕಾರ ಮೇಯಿಸುವುದನ್ನು ನಿಷೇಧಿಸಿತು. ಎಮ್ಮೆಯ ಹಾಲೇ ಜೀವನವಾಗಿದ್ದ ಜನ ಪ್ರತಿಭಟಿಸಿದರು. ಪೊಲೀಸರ ಗುಂಡಿಗೆ ಕೆಲವರು ಪ್ರಾಣ ಕಳೆದುಕೊಂಡರು. ಇದೇ ಹೊತ್ತಿನಲ್ಲಿ ಸಲೀಂ ಅಲಿಯವರದೇ ಸೊಸೈಟಿಯ ವಿಜ್ಞಾನಿಗಳು ಕೆರೆಯ ದಂಡೆಯಲ್ಲಿ ಬಿಡಾರ ಹೂಡಿ ನೀರು, ಹುಲ್ಲು, ಮೀನು, ಹಕ್ಕಿಗಳ ಲೆಕ್ಕ ಬರೆಯುತ್ತಿದ್ದರು. ಹತ್ತು ವರ್ಷಗಳ ಲೆಕ್ಕ ಕೂಡಿಸಿದಾಗ ಬಂದ ಉತ್ತರ ಬೇರೆಯೇ ಆಗಿತ್ತು. ಎಮ್ಮೆಗಳು ಹೋದ ಮೇಲೆ ಹುಲ್ಲು ಮಿತಿಮೀರಿ ಬೆಳೆದು ನೀರನ್ನೇ ಮುಚ್ಚಿತ್ತು. ಬಾತುಗಳಿಗೆ ಈಜಲು, ಮೀನು ಹಿಡಿಯಲು ತೆರೆದ ಜಾಗ ಕಡಿಮೆಯಾಗಿತ್ತು. ಹುಲ್ಲನ್ನು ಹದದಲ್ಲಿಟ್ಟಿದ್ದದ್ದು ಅದೇ ಎಮ್ಮೆಗಳು. ಸೊಸೈಟಿ ತನ್ನ ಹಿರಿಯರ ಅಭಿಪ್ರಾಯಕ್ಕೆ ವಿರುದ್ಧವಾದ ಈ ಫಲಿತಾಂಶವನ್ನು ಮುಚ್ಚಿಡದೆ ವರದಿಯಲ್ಲಿ ಬರೆಯಿತು. ಆ ವರದಿ ಮುಗಿಯುವ ಹೊತ್ತಿಗೆ ಸಲೀಂ ಅಲಿ ಇರಲಿಲ್ಲ. ಮುಂದೆ ಹಳ್ಳಿಗರಿಗೆ ಉದ್ಯಾನದೊಳಗೆ ಹೋಗಿ ಹುಲ್ಲು ಕೊಯ್ದು ತರಲು ಅನುಮತಿ ಸಿಕ್ಕಿತು.