ಪಟದೊಳಗಿನ ಹೆಂಗಸು, ಹೊಲದೊಳಗಿನ ಹೆಂಗಸು

ಕೋವಾಡ ಅಂದರೆ ಓದುವವರಿಗೆ ಮೊದಲು ನೆನಪಾಗುವ ಹೆಸರು ಮರಾಠಿ ಕಾದಂಬರಿಕಾರ ರಣಜಿತ್ ದೇಸಾಯಿ (1928–1992). ಶಿವಾಜಿ ಮಹಾರಾಜರ ಮೇಲೆ, ಮಾಧವರಾವ್ ಪೇಶ್ವೆಯ ಮೇಲೆ ಬರೆದ ಅದೇ ಕೈ ಒಬ್ಬ ಚಿತ್ರಗಾರನ ಮೇಲೂ ಕಾದಂಬರಿ ಬರೆಯಿತು. ಆತನೇ ರಾಜಾ ರವಿವರ್ಮ. ನಮ್ಮ ಅಂಗಡಿ ಗಲ್ಲೆಯ ಮೇಲಿನ ಲಕ್ಷ್ಮಿಗೆ ಇವತ್ತಿನ ರೂಪ ಬಂದದ್ದು ಬಹುಮಟ್ಟಿಗೆ ಆತನಿಂದ. ಅದಕ್ಕೇ ಆತನ ಬಾಳಿನ ಕತೆ ನಮಗೂ ಸಂಬಂಧಪಟ್ಟದ್ದು.

ಹುಟ್ಟಿದ್ದು 1848ರ ಏಪ್ರಿಲ್ 29ರಂದು, ತಿರುವಾಂಕೂರು ಸಂಸ್ಥಾನದ ಕಿಳಿಮಾನೂರಿನಲ್ಲಿ. ಹುಡುಗನ ಕೈಗುಣ ಕಂಡ ಸೋದರಮಾವನೇ ಮೊದಲ ಗುರು. ಆಗ ಎಣ್ಣೆಬಣ್ಣದ ವಿದ್ಯೆ ಹೊಸದು. ತಿರುವನಂತಪುರದ ಅರಮನೆಯಲ್ಲಿ ಪರದೇಶದ ಚಿತ್ರಗಾರ ಕೆಲಸ ಮಾಡುವುದನ್ನು ನೋಡಿ ನೋಡಿಯೇ ಬಹಳಷ್ಟು ಕಲಿತ. 1873ರಲ್ಲಿ ಮದರಾಸಿನ ಪ್ರದರ್ಶನದಲ್ಲಿ ಚಿನ್ನದ ಪದಕ ಬಂತು. ಪದಕ ತಂದ ಪಟದಲ್ಲಿದ್ದವಳು ತಲೆಗೆ ಮಲ್ಲಿಗೆ ಮುಡಿಯುವ ನಾಯರ್ ಹೆಂಗಸು.

ಬಡೋದೆಯ ಸಯಾಜಿರಾವ್ ಮಹಾರಾಜರು ಪುರಾಣದ 14 ಚಿತ್ರ ಬರೆದುಕೊಡಲು ಹೇಳಿದಾಗ ಒಂದು ಪ್ರಶ್ನೆ ಎದ್ದಿತು. ಸೀತೆಗೆ, ದಮಯಂತಿಗೆ ಏನು ಉಡಿಸುವುದು? ಸೀಮೆಗೊಂದು ಉಡುಗೆ. ಆತನ ಊರಿನ ಹೆಂಗಸರು ಉಡುತ್ತಿದ್ದದ್ದು ಬಿಳಿ ಮುಂಡು. ತಮ್ಮನ ಜೊತೆ ಉತ್ತರದ ಊರೂರು ತಿರುಗಿ ನೋಡಿದ. ಕೊನೆಗೆ ಸೀರೆಯನ್ನೇ ಆರಿಸಿದ. ಮುಂಬೈ ಕಡೆಯ ಕಚ್ಚೆ ಸೀರೆ ಹಲವು ನಾಯಿಕೆಯರ ಮೈಮೇಲೆ ಬಂತು. ಆದರೆ ಬೇರೆ ಬೇರೆ ಸೀಮೆಯ ಹೆಂಗಸರನ್ನು ಅವರವರ ಉಡುಗೆಯಲ್ಲೇ ಬರೆದದ್ದೂ ಉಂಟು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಗಾಯಕಿಯರ ಪಟ ಅಂಥದ್ದು.

ಅರಸರ ಗೋಡೆಯಲ್ಲೇ ಉಳಿದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ಹಾಕಿದ. ಬಣ್ಣಕ್ಕೊಂದು ಕಲ್ಲು, ಒಂದರ ಮೇಲೊಂದು ಅಚ್ಚು. ಮುಂದೆ ಅದು ಲೋಣಾವಳೆಯ ಹತ್ತಿರದ ಮಳವಲಿಗೆ ಹೋಯಿತು. ಸಾಲದ ಭಾರಕ್ಕೆ ಕಡೆಗೆ ಅಲ್ಲಿದ್ದ ಜರ್ಮನ್ ಕುಶಲಕರ್ಮಿ ಶ್ಲೈಷರ್‌ಗೆ ಮಾರಿದ. ರೊಕ್ಕ ಆತನಿಗೆ ಉಳಿಯಲಿಲ್ಲ, ಪಟಗಳು ಮಾತ್ರ ಊರೂರು ಸೇರಿದವು. ಗುಡಿಯೊಳಗೆ ಕಾಲಿಡಲು ಬಿಡದಿದ್ದ ಜನರ ಮನೆಗೂ ದೇವರು ಬಂದದ್ದು ಈ ಕಾಗದದ ಮೇಲೇ. ಇದು ಸಣ್ಣ ಉಪಕಾರವಲ್ಲ.

ಆದರೆ ನಾನು ಇನ್ನೊಂದನ್ನೂ ಹೇಳಬೇಕು. ಕನ್ನಡ ಮನೆ ಇರಲಿ, ತೆಲುಗು ಮನೆ ಇರಲಿ, ಹೆಣ್ಣು ನೋಡಲು ಹೊರಟವರು ಲಕ್ಷ್ಮಿಯಂಥ ಸೊಸೆ ಬೇಕು ಅಂತಾರೆ. ಯಾವ ಲಕ್ಷ್ಮಿ? ಕೆಂಪು ಸೀರೆ, ಬೆಳ್ಳನೆ ಮೈ, ತುಂಬು ತೋಳು, ಮೈತುಂಬ ಬಂಗಾರ, ಬೆವರಿಲ್ಲದ ಮುಖ. ಬಿಳಿ ಬಣ್ಣದ ಆಸೆ ರವಿವರ್ಮನಿಗಿಂತ ಹಳೆಯದು, ಅದನ್ನು ಆತನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಆ ಆಸೆಗೆ ಮೊಳೆ ಹೊಡೆದು ತೂಗುಹಾಕುವಂಥ ಪಟ ಸಿಕ್ಕದ್ದು ಆತನಿಂದ. ಮುಂದೆ ಬೆಂಕಿಪೆಟ್ಟಿಗೆ, ಸಾಬೂನು, ಬಟ್ಟೆ ಗಿರಣಿಯ ಚೀಟಿ ಎಲ್ಲದಕ್ಕೂ ಅಂಥದೇ ಮುಖ. ಇಚಲಕರಂಜಿ ಪೇಟೆಗೆ ಹೋಗಿಬರುವ ಜವಳಿ ವ್ಯಾಪಾರಿಗಳಿಗೆ ಇದರ ಗುಟ್ಟು ಹೇಳಿಕೊಡಬೇಕಿಲ್ಲ. ಗಿರಾಕಿ ಮೊದಲು ನೋಡೋದು ಮುಖ, ಆಮೇಲೆ ನೂಲು.

ಕಚ್ಚೆ ಯಾಕೆ ಹಾಕ್ತಾರ? ಭತ್ತದ ಗದ್ದೆಯಾಗ ಬಗ್ಗಿ ನಾಟಿ ಮಾಡಾಕ, ಕಬ್ಬಿನ ಹೊರೆ ಹೊರಾಕ ಕಾಲು ಬಿಡುವಾಗಿರಲಿ ಅಂತ. ದುಡಿಯುವವಳ ಉಡುಗೆ ಪಟಕ್ಕೆ ಏರಿತು. ದುಡಿದು ಕಪ್ಪಾದ ಮೈಗೆ ಅಲ್ಲಿ ಅಷ್ಟಾಗಿ ಜಾಗ ಸಿಗಲಿಲ್ಲ. ಬಿಸಿಲಲ್ಲಿ ನಿಂತು ಮನೆಗೆ ಧಾನ್ಯ ತುಂಬಿಸುವವಳು ಬಣ್ಣ ಸಾಲದೆಂದು ವರದಕ್ಷಿಣೆ ಹೆಚ್ಚು ತರಬೇಕಾಯಿತು.

ತಮ್ಮ 1905ರಲ್ಲಿ ತೀರಿಕೊಂಡ. ಮೈಸೂರು ಅರಸರಿಗಾಗಿ ಪುರಾಣದ ಚಿತ್ರಗಳನ್ನು ಬರೆದ ರವಿವರ್ಮ 1906ರ ಅಕ್ಟೋಬರ್ 2ರಂದು ಹುಟ್ಟೂರಿನಲ್ಲೇ ಕಣ್ಣುಮುಚ್ಚಿದ. ಕೈ ದೊಡ್ಡದು, ಅನುಮಾನವಿಲ್ಲ. ಆತನ ಪಟಕ್ಕೆ ಕೈಮುಗಿಯೋಣ. ಅದನ್ನು ಹಿಡಿದು ಮನೆಮಗಳನ್ನು ಅಳೆಯೋದು ಮಾತ್ರ ಬೇಡ್ರಿ.