ಫುಲ್ಟನ್ ನಿಜಕ್ಕೂ ಮಾಡಿದ್ದೇನು?

ಸ್ಟೀಮ್ ಬೋಟ್ ಕಂಡುಹಿಡಿದವರು ಯಾರು ಅಂತ ಕ್ವಿಜ್‌ನಲ್ಲಿ ಕೇಳಿದ್ರೆ ನಾವೆಲ್ಲ ರಾಬರ್ಟ್ ಫುಲ್ಟನ್ ಅಂತೀವಿ. ಪಾಯಿಂಟ್ ಸಿಗುತ್ತೆ, ಆದರೆ ಉತ್ತರ ತಪ್ಪು. ಅವನಿಗಿಂತ ಎಷ್ಟೋ ಮೊದಲೇ, 1787ರಲ್ಲಿ, ಜಾನ್ ಫಿಚ್ ಎಂಬಾತ ಅಮೆರಿಕದ ಡೆಲವೇರ್ ನದಿಯಲ್ಲಿ ಉಗಿಯಿಂದ ನಡೆಯುವ ದೋಣಿ ಓಡಿಸಿ ತೋರಿಸಿದ್ದ. 1790ರ ಬೇಸಿಗೆಯಲ್ಲಿ ದುಡ್ಡು ತಗೊಂಡು ಜನರನ್ನೂ ಸಾಗಿಸಿದ್ದ. ಹತ್ತುವವರು ಕಡಿಮೆ, ಖರ್ಚು ಜಾಸ್ತಿ. ಕೊನೆಗೆ ಎಲ್ಲ ನಿಂತುಹೋಗಿ, 1798ರಲ್ಲಿ ಫಿಚ್ ಬೇಸತ್ತು ತೀರಿಕೊಂಡ. ಹಾಗಾದ್ರೆ ಫುಲ್ಟನ್ ಹೆಸರು ಹೇಗೆ ಉಳಿಯಿತು?

ಫುಲ್ಟನ್ ಹುಟ್ಟಿದ್ದು 1765ರ ನವೆಂಬರ್ 14ರಂದು, ಪೆನ್ಸಿಲ್ವೇನಿಯಾದ ಒಂದು ರೈತರ ಮನೆಯಲ್ಲಿ. ಚಿಕ್ಕವನಿದ್ದಾಗಲೇ ತಂದೆ ಹೋದರು. ಶುರುವಿನಲ್ಲಿ ಈತ ಎಂಜಿನಿಯರ್ ಅಲ್ಲವೇ ಅಲ್ಲ, ಪೇಂಟರ್! ಫಿಲಡೆಲ್ಫಿಯಾದಲ್ಲಿ ಪುಟ್ಟ ಪುಟ್ಟ ಭಾವಚಿತ್ರ ಬರೆದು ದುಡಿದ. ಚಿತ್ರಕಲೆ ಚೆನ್ನಾಗಿ ಕಲಿಯೋಣ ಅಂತ ಲಂಡನ್‌ಗೆ ಹೋದ. ಆಗ ಇಂಗ್ಲೆಂಡ್ ತುಂಬಾ ಕಾಲುವೆ ತೋಡುವ ಕೆಲಸ ನಡೀತಿತ್ತು. ಅದರ ಹುಚ್ಚು ಹಿಡಿದು ಕುಂಚ ಬಿಟ್ಟ; 1796ರಲ್ಲಿ ಕಾಲುವೆಗಳ ಬಗ್ಗೆ ಪುಸ್ತಕವನ್ನೇ ಬರೆದ. ಮುಂದೆ ಫ್ರಾನ್ಸ್‌ಗೆ ಹೋಗಿ 1800ರಲ್ಲಿ ನಾಟಿಲಸ್ ಎಂಬ ಸಬ್‌ಮರೀನ್ ಕಟ್ಟಿದ. ನೆಪೋಲಿಯನ್ ಸರ್ಕಾರಕ್ಕೆ ಅದು ಬೇಡವಾಯಿತು.

ಪ್ಯಾರಿಸ್‌ನಲ್ಲೇ ಅವನಿಗೆ ರಾಬರ್ಟ್ ಲಿವಿಂಗ್‌ಸ್ಟನ್ ಸಿಕ್ಕಿದ್ದು. ಆತ ಅಮೆರಿಕದ ರಾಯಭಾರಿ, ದೊಡ್ಡ ಜಮೀನುದಾರ. ನ್ಯೂಯಾರ್ಕ್ ರಾಜ್ಯದ ನದಿಗಳಲ್ಲಿ ಸ್ಟೀಮ್ ಬೋಟ್ ಓಡಿಸುವ ಹಕ್ಕು ಆತನೊಬ್ಬನದೇ. ಆದರೆ ಸರ್ಕಾರ ಒಂದು ಷರತ್ತು ಹಾಕಿತ್ತು: ಹಡ್ಸನ್ ನದಿಯ ಹರಿವಿಗೆ ಎದುರಾಗಿ ಗಂಟೆಗೆ 4 ಮೈಲಿ ವೇಗ ಬರಲೇಬೇಕು.

ಫುಲ್ಟನ್ ಸೀದಾ ದೋಣಿ ಕಟ್ಟೋಕೆ ಹೋಗಲಿಲ್ಲ. 1802ರಲ್ಲಿ ಸ್ಪ್ರಿಂಗ್‌ನಿಂದ ಓಡುವ ಮಾಡೆಲ್ ಮಾಡಿ ನೀರಲ್ಲಿ ಬಿಟ್ಟು ಟೆಸ್ಟ್ ಮಾಡಿದ. ನೀರಿನ ಪ್ರತಿರೋಧದ ಬಗ್ಗೆ ಬೇರೆಯವರು ಮಾಡಿದ್ದ ಪ್ರಯೋಗಗಳ ಅಂಕಿಅಂಶ ಹಿಡಿದು, ದೋಣಿ ಎಷ್ಟುದ್ದ ಇರಬೇಕು, ಚಕ್ರ ಎಷ್ಟು ದೊಡ್ಡದಿರಬೇಕು, ಎಂಜಿನ್‌ಗೆ ಎಷ್ಟು ಶಕ್ತಿ ಬೇಕು ಅಂತ ಲೆಕ್ಕ ಹಾಕಿದ. ಆದರೂ 1803ರಲ್ಲಿ ಸೇನ್ ನದಿಯಲ್ಲಿ ಎಂಜಿನ್‌ನ ಭಾರಕ್ಕೆ ದೋಣಿ ಮುರಿದು ಮುಳುಗಿತು. ಎಂಜಿನ್ ಮೇಲೆತ್ತಿಸಿ, ಇನ್ನೂ ಗಟ್ಟಿಯಾದ ದೋಣಿ ಕಟ್ಟಿ, ಅದೇ ಆಗಸ್ಟ್ 9ರಂದು ಪ್ಯಾರಿಸ್ ಜನರ ಮುಂದೆ ಓಡಿಸಿಯೇಬಿಟ್ಟ.

ಹಡ್ಸನ್‌ನ ಬೋಟ್‌ಗೆ ಎಂಜಿನ್ ತರಿಸಿದ್ದು ಇಂಗ್ಲೆಂಡಿನ ಬೋಲ್ಟನ್ ಅಂಡ್ ವಾಟ್ ಕಂಪನಿಯಿಂದ. ಬೋಟ್ 140 ಅಡಿಗೂ ಉದ್ದ, ಪಕ್ಕದ ಚಕ್ರಗಳು 15 ಅಡಿ. 1807ರ ಆಗಸ್ಟ್ 17ರಂದು ನ್ಯೂಯಾರ್ಕ್‌ನಿಂದ ಹೊರಟ ಸ್ವಲ್ಪ ಹೊತ್ತಿಗೇ ಎಂಜಿನ್ ನಿಂತಿತು! ಫುಲ್ಟನ್ ಕೆಳಗಿಳಿದು ಹೋಗಿ ನೋಡಿದ, ಸಣ್ಣ ದೋಷ ಸರಿಮಾಡಿದ. ಆಮೇಲೆ ಆಲ್ಬನಿ ಮುಟ್ಟುವ ತನಕ ತೊಂದರೆ ಇಲ್ಲ. 150 ಮೈಲಿಗೆ, ನಡುವೆ ತಂಗಿದ್ದು ಬಿಟ್ಟು, 32 ಗಂಟೆ. ಭಾಗಿಸಿ ನೋಡಿ: ಗಂಟೆಗೆ 4.7 ಮೈಲಿ. ಷರತ್ತು ಪಾಸ್. ಗಾಳಿ ನಂಬಿದ ಹಾಯಿ ಹಡಗುಗಳಿಗೆ ಇದೇ ದಾರಿಗೆ ದಿನಗಟ್ಟಲೆ ಬೇಕಾಗ್ತಿತ್ತು. ಸೆಪ್ಟೆಂಬರ್‌ನಲ್ಲೇ ಪ್ರಯಾಣಿಕರ ಓಡಾಟ ಶುರುವಾಯ್ತು. ಇವತ್ತು ಕ್ಲೆರ್ಮಾಂಟ್ ಅಂತ ಪ್ರಸಿದ್ಧವಾದ ಈ ಬೋಟನ್ನು ಫುಲ್ಟನ್ ಕರೀತಿದ್ದಿದ್ದು ನಾರ್ತ್ ರಿವರ್ ಅಂತ. ಹಡ್ಸನ್‌ಗೆ ಆಗ ಆ ಹೆಸರೂ ಇತ್ತು.

ಎಂಜಿನ್ ವಾಟ್‌ನದು, ಐಡಿಯಾ ಹಳೆಯದು. ಫುಲ್ಟನ್‌ನದ್ದು ಅಂದ್ರೆ ಇವನ್ನೆಲ್ಲ ಲೆಕ್ಕದಿಂದ ಹೊಂದಿಸಿ, ದಿನಾ ಓಡುವ, ಲಾಭ ತರುವ ಒಂದು ಬೋಟ್ ಮಾಡಿದ್ದು. ನನ್ನ ಪ್ರಕಾರ ಇದು ಸಣ್ಣ ಕೆಲಸ ಅಲ್ಲ. ಆದರೆ ಫಿಚ್‌ಗೆ ಇಲ್ಲದಿದ್ದ ಎರಡು ಅನುಕೂಲ ಇವನಿಗಿತ್ತು: ಲಿವಿಂಗ್‌ಸ್ಟನ್‌ನ ದುಡ್ಡು ಮತ್ತು ವಾಟ್‌ನ ಒಳ್ಳೆ ಎಂಜಿನ್. ಇದನ್ನೂ ಹೇಳದಿದ್ದರೆ ಕಥೆ ಅರ್ಧ ಆಗುತ್ತೆ.

ಆ ಒಬ್ಬರದೇ ಹಕ್ಕನ್ನು ಕಾಪಾಡಿಕೊಳ್ಳಲು ಫುಲ್ಟನ್ ಕೊನೆಯ ವರ್ಷಗಳನ್ನೆಲ್ಲ ಕೇಸುಗಳಲ್ಲಿ ಕಳೆದ. 1815ರ ಜನವರಿಯಲ್ಲಿ ಅಂಥದ್ದೇ ಒಂದು ವಿಚಾರಣೆ ಮುಗಿಸಿ ಬರುವಾಗ, ಹೆಪ್ಪುಗಟ್ಟಿದ ಹಡ್ಸನ್ ಮೇಲೆ ಮಂಜುಗಡ್ಡೆ ಒಡೆದು ಅವನ ವಕೀಲ ಗೆಳೆಯ ನೀರಿಗೆ ಬಿದ್ದ. ಅವನನ್ನು ಎತ್ತಲು ಹೋಗಿ ಫುಲ್ಟನ್ ನೆಂದು ತೊಪ್ಪೆಯಾದ. ಕಾಯಿಲೆ ಹಿಡಿದು ಫೆಬ್ರವರಿ 24ರಂದು ತೀರಿಕೊಂಡ. ವಯಸ್ಸು 49. ಅವನು ಅಷ್ಟು ಹೋರಾಡಿ ಉಳಿಸಿಕೊಂಡ ಹಕ್ಕನ್ನು 1824ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಹಡ್ಸನ್‌ನಲ್ಲಿ ಬೇರೆಯವರ ಬೋಟ್‌ಗಳೂ ಬಂದವು.